ಅಡುಂಬು ಬಳ್ಳಿಗೆ ಹಾಕಿದ ಕೆರೆಗೋಡು

ನನ್ನದು ಹುಟ್ಟಾ ಪುಕ್ಕಲು ಜೀವ. ಗ್ಯಾಸ್ ಆಫ್ ಮಾಡಿ ಬಂದ ಮೇಲೆ ಮತ್ತೊಮ್ಮೆ ಒಳಗೆ ಹೋಗಿ ನೋಡುತ್ತೇನೆ. ನೋಡಿ ಬಂದ ಮೇಲೆ ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಇನ್ನೊಂದು ಸಲ ಹೋಗುತ್ತೇನೆ. ಅಂಗನವಾಡಿಯಲ್ಲಿ ಕೆಲಸ ಮಾಡುವಾಗ ಮಲಗಿದ ಮಕ್ಕಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರಾಡುತ್ತಿವೆಯೇ ಎಂದು ನೋಡುತ್ತಿದ್ದೆನಂತೆ, ಊರವರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅದು ನಿಜವೇ. ಆ ಕೆಲಸದಿಂದ ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ನನ್ನ ಹೆದರಿಕೆಗೆಲ್ಲ ಒಂದೇ ಜಾಗ ಉಳಿಯಿತು. ಅದು ನನ್ನ ಸೊಸೆಯ ಹೊಟ್ಟೆ.

ಸೊಸೆ ಹೊನ್ನಾವರದ ಕಡೆಯವಳು, ಸಮುದ್ರದ ದಂಡೆಯಲ್ಲೇ ಮನೆ. ನರ್ಸ್ ಕೆಲಸ ಸಿಕ್ಕಿ ಪಾವಗಡಕ್ಕೆ ಬಂದಿದ್ದಳು. ನನ್ನ ಮಗ ಅಲ್ಲೇ ಕ್ಯಾತಗಾನಚೆರ್ಲು ಹತ್ತಿರ ಸೋಲಾರ್ ಪ್ಲೇಟುಗಳ ನಡುವೆ ದುಡಿಯುತ್ತಾನೆ. ಒಂದು ಬೇಸಿಗೆ ಬಿಸಿಲು ಹೊಡೆದು ಬಿದ್ದವನಿಗೆ ಇವಳೇ ಗ್ಲೂಕೋಸ್ ಹಾಕಿದಳಂತೆ. ಮುಂದಿನದೇನೂ ನಮಗೆ ಹೇಳಲಿಲ್ಲ, ನೇರ ಮದುವೆಯ ಸುದ್ದಿಯನ್ನೇ ಹೇಳಿದ. ಮೀನಿಲ್ಲದೆ ಅವಳು, ಮೀನು ನೋಡಿದರೆ ನಾನು, ಹೇಗಪ್ಪಾ ಎಂದು ಆಗಲೂ ಹೆದರಿದ್ದೆ. ಅದೆಲ್ಲ ಸರಿಹೋಯಿತು. ಸರಿಹೋಗದೆ ಉಳಿದದ್ದು ಒಂದೇ.

ಹೋದ ವರ್ಷ ಆರನೇ ತಿಂಗಳಲ್ಲಿ ಅವಳ ಮೊದಲ ಮಗು ಹೊಟ್ಟೆಯಲ್ಲೇ ಹೋಯಿತು. ನಮ್ಮ ಯಜಮಾನರು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಹೊಲದ ಬದುವಿನ ಹೊಂಗೆ ಮರದ ಬುಡದಲ್ಲಿ ಹೂತು ಬಂದರು. ಬಂದವರು ಗುದ್ದಲಿಯನ್ನು ಕೊಟ್ಟಿಗೆಯ ಮೂಲೆಗೆ ಒರಗಿಸಿ, ಕೈ ತೊಳೆದು, ಊಟ ಬೇಡವೆಂದು ಮಲಗಿದರು. ಆಮೇಲೆ ಆ ಗುದ್ದಲಿಯನ್ನು ಅವರು ಮುಟ್ಟಿದ್ದನ್ನು ನಾನು ನೋಡಲಿಲ್ಲ. ಹೊಲಕ್ಕೆ ಬೇರೆಯದನ್ನು ತಂದುಕೊಂಡರು.

ಎರಡನೇ ಸಲ ಬಸಿರು ನಿಂತಾಗ ಶಿರಾದ ಡಾಕ್ಟರಮ್ಮ ಮಲಗಿಯೇ ಇರಬೇಕು, ದೂರದ ಪ್ರಯಾಣ ಕೂಡದು ಎಂದರು. ಮೊದಲ ಬಾಣಂತನ ತವರಿನಲ್ಲಾಗಬೇಕು. ಆದರೆ ಘಟ್ಟ ಇಳಿಯುವ ಹಾಗಿಲ್ಲ, ಮೇಲಾಗಿ ಅವಳ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಅವಳನ್ನು ಕರೆತಂದು ಮದಲೂರು ಕೆರೆಯ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ಬಿಟ್ಟು, ವಾರದ ರಜೆಯಲ್ಲಿ ಬಂದು ಹೋಗುತ್ತಿದ್ದ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದೆ.

ಐದನೇ ತಿಂಗಳಲ್ಲಿ ಅವಳ ಅಣ್ಣನ ಫೋನು ಬಂತು. ಕಡಲ ಕೊರೆತ ತಡೆಯಲು ಅವರ ಮನೆಯ ಮುಂದೆ ಲಾರಿಗಟ್ಟಲೆ ಕಲ್ಲು ಸುರಿಯುತ್ತಿದ್ದಾರಂತೆ, ಮನೆಗೂ ಸಮುದ್ರಕ್ಕೂ ನಡುವೆ ಇದ್ದ ಮರಳಿನ ದಿಬ್ಬ ಕಲ್ಲಿನ ಅಡಿ ಹೋಗುತ್ತಿದೆಯಂತೆ. ಅವಳು ಅಳಲಿಲ್ಲ. ದಿಬ್ಬದ ಮೇಲಿನ ಅಡುಂಬು ಬಳ್ಳಿಯನ್ನು ಒಂದಿಷ್ಟು ಕಿತ್ತು ಕಳಿಸು ಎಂದಳು. ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಬಳ್ಳಿ ಬಸ್ಸಿನ ಪಾರ್ಸೆಲ್‌ನಲ್ಲಿ ಶಿರಾಕ್ಕೆ ಬಂತು. ಯಜಮಾನರು ಹೋಗಿ ತಂದರು.

ಚೀಲ ಬಿಚ್ಚಿದಾಗ ಮನೆಯಲ್ಲೆಲ್ಲ ನನಗೆ ಗೊತ್ತಿಲ್ಲದ ಒಂದು ಉಪ್ಪುಪ್ಪು ವಾಸನೆ. ಬೆರಳು ಗಾತ್ರದ ಉದ್ದನೆಯ ಬಳ್ಳಿ, ಗೆಣ್ಣು ಗೆಣ್ಣಿಗೂ ಒಂದೊಂದು ದಪ್ಪ ಎಲೆ. ಎಲೆಯ ತುದಿ ಸೀಳಿ ಥೇಟ್ ಆಡಿನ ಗೊರಸಿನ ಹಾಗಿತ್ತು. ಮುರಿದ ಕಡೆ ಹಾಲು ಜಿನುಗುತ್ತಿತ್ತು. ಸೊಸೆ ಮಲಗಿದಲ್ಲೇ ಅದನ್ನು ಎದೆಯ ಮೇಲೆ ಹಾಕಿಕೊಂಡು ಮಾತಾಡಿದ್ದೇ ಮಾತಾಡಿದ್ದು. ನೇರಳೆ ಬಣ್ಣದ ಹೂ ಬಿಡುತ್ತದಂತೆ, ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದಂತೆ. ಆ ಬಳ್ಳಿ ಹಬ್ಬಿದರೇ ಮರಳು ನಿಲ್ಲುವುದು, ಮರಳು ನಿಂತರೇ ಮನೆ ನಿಲ್ಲುವುದು ಎಂದು ಅವಳ ಅಪ್ಪ ಹೇಳುತ್ತಿದ್ದರಂತೆ. ಮಕ್ಕಳು ಆಟಕ್ಕೆ ಅದನ್ನು ಕಿತ್ತರೆ ಬೆನ್ನಿಗೆ ಬೀಳುತ್ತಿತ್ತಂತೆ. ಮಾತಿನ ಕೊನೆಗೆ ನಗುತ್ತಲೇ ಅಂದಳು, "ಇದು ಇಲ್ಲಿ ಹಿಡಿದ್ರೆ ನಾನೂ ಹಿಡೀತೇನೆ ಅತ್ತೆ."

ಅವಳೇನೋ ನಗುತ್ತಾ ಅಂದಳು. ನನಗೆ ಅದು ಶಕುನದ ಹಾಗೆ ಕೇಳಿಸಿತು. ಇನ್ನು ಹೊಟ್ಟೆಯ ಜೊತೆ ಈ ಬಳ್ಳಿಯನ್ನೂ ಕಾಯಬೇಕಾಯಿತಲ್ಲ ದೇವರೇ ಎಂದುಕೊಂಡೆ.

ನೆಡುವ ಕೆಲಸ ಯಜಮಾನರದು. ಬರೀ ಮರಳಲ್ಲಿ ಇಟ್ಟು ಬಿಟ್ಟುಬಿಡಿ ಸಾಕು ಎಂದು ಸೊಸೆ ಹೇಳಿದ್ದಳು. ಆ ಮಾತು ನಮ್ಮಿಬ್ಬರ ಕಿವಿಗೂ ಬಿತ್ತು, ತಲೆಗೆ ಹೋಗಲಿಲ್ಲ. ಬರೀ ಮರಳಲ್ಲಿ ಏನು ತಾನೇ ಬದುಕೀತು? ನಮ್ಮ ಕಡೆ ಕೆರೆ ಒಣಗಿದ ಬೇಸಿಗೆಯಲ್ಲಿ ತಳದ ಕಪ್ಪು ಗೋಡನ್ನು ಟ್ರಾಕ್ಟರಿನಲ್ಲಿ ಹೊಡೆದು ಹೊಲಕ್ಕೆ ಹರಡುತ್ತೇವೆ. ಅದು ಬಿದ್ದ ಹೊಲದ ಕಡ್ಲೆಕಾಯಿಯೇ ಬೇರೆ, ರಾಗಿಯೇ ಬೇರೆ. ಮದಲೂರು ಕೆರೆಗೆ ನೀರು ಬರುವ ಮುಂಚೆ ಯಜಮಾನರು ಹೊಡೆಸಿಟ್ಟ ಗೋಡು ಹಿತ್ತಲಲ್ಲಿ ಒಂದಿಷ್ಟು ಉಳಿದಿತ್ತು. ಅದನ್ನು ಕೇಳಿದ ನೆಂಟರಿಗೂ ಅವರು ಕೊಟ್ಟಿರಲಿಲ್ಲ. ಈಗ ಹಿತ್ತಲ ಗೋಡೆಯ ಪಕ್ಕ ಪಾತಿ ಮಾಡಿ, ಮಂಡಿಯೂರಿ ಕೂತು, ಹೆಂಟೆಯನ್ನು ಕೈಯಲ್ಲೇ ಪುಡಿ ಮಾಡಿ ತುಂಬಿದರು. ಮೇಲೆ ಹಳೆಯ ಕೊಟ್ಟಿಗೆ ಗೊಬ್ಬರ. ಆಮೇಲೆ ನೀರು, ಬೆಳಿಗ್ಗೆ ಒಂದು ಬಿಂದಿಗೆ, ಸಂಜೆ ಒಂದು ಬಿಂದಿಗೆ.

"ದೂರದಿಂದ ಬಂದೈತೆ ಕಣೇ, ನಮ್ಮೂರ್ಗೆ ಬಂದು ಬಾಯಾರ್ಕೊಂಡಿರ್ಬಾರ್ದು" ಎಂದರು.

ನೀರಿಗಾಗಿ ಹೊಡೆದಾಡಿದ ಊರಿನವರು ನಾವು. ಬಂದವರಿಗೆ ಮೊದಲು ಒಂದು ಚೆಂಬು ನೀರು ಕೊಟ್ಟೇ ಮಾತಿಗೆ ಕೂರುವವರು. ಒಂದು ಗಿಡಕ್ಕೆ ನೀರು ಹೆಚ್ಚಾಗಿ ಕಷ್ಟವಾಗುತ್ತದೆಂದು ನಮಗೆ ಯಾರು ಕಲಿಸಬೇಕಿತ್ತು?

ಮೊದಮೊದಲು ಬಳ್ಳಿ ಚೆನ್ನಾಗಿಯೇ ಇತ್ತು. ಒಂದೆರಡು ಹೊಸ ಎಲೆ ಬಂತು, ಅಗಲವಾಗಿ, ಮೆತ್ತಗೆ. ನಾನು ಒಳಗೆ ಹೋಗಿ ಸೊಸೆಗೆ ಸುದ್ದಿ ಹೇಳಿ, ಅದೇ ಕೈಯಲ್ಲಿ ಅವಳಿಗೆ ಹಾಲು ಕೊಟ್ಟು ಬರುತ್ತಿದ್ದೆ. ಹಾಲಿನ ಮೇಲೆ ರಾಗಿ ಅಂಬಲಿ, ಅಂಬಲಿಯ ಮೇಲೆ ಎಳನೀರು, ಎಳನೀರಿನ ಮೇಲೆ ತುಪ್ಪ ಕಲಸಿದ ಅನ್ನ. ಅವಳು ಎಡಕ್ಕೆ ಮಗ್ಗುಲಾದರೆ ಯಾಕೆ ಎಂದು ಕೇಳುತ್ತಿದ್ದೆ, ಬಲಕ್ಕೆ ಮಗ್ಗುಲಾದರೂ ಕೇಳುತ್ತಿದ್ದೆ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತಿರುತ್ತಿದ್ದೆ. ಸ್ವಲ್ಪ ತಡವಾದರೆ ಬಾಗಿಲು ತಟ್ಟುತ್ತಿದ್ದೆ. ಮಧ್ಯಾಹ್ನ ಅವಳು ನಿದ್ದೆ ಹೋದರೆ ಪಕ್ಕದಲ್ಲಿ ಕೂತು ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಮನೆಯೊಳಗೆ ನಾಲ್ಕು ಹೆಜ್ಜೆ ಓಡಾಡಬಹುದು ಎಂದು ಡಾಕ್ಟರಮ್ಮ ಆಮೇಲೆ ಹೇಳಿದ್ದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಡಾಕ್ಟರಮ್ಮನಿಗೇನು ಗೊತ್ತು, ಬಿಳಿ ಬಟ್ಟೆಯನ್ನು ಬೀರುವಿನಿಂದ ತೆಗೆದುಕೊಟ್ಟವಳು ನಾನು.

ಆರನೇ ತಿಂಗಳು ಬಿತ್ತು. ಅದೇ ಹೊತ್ತಿಗೆ ಬಳ್ಳಿ ಹಳದಿಯಾಗತೊಡಗಿತು.

ಮೊದಲು ಬುಡದ ಎಲೆಗಳು. ಆಮೇಲೆ ನಡುವಿನವು. ಮಾಗಿಯ ಚಳಿ ಬೇರೆ, ಪಾತಿಯ ಗೋಡು ಒದ್ದೆಯಾಗಿ ಮೆತ್ತಿಕೊಂಡೇ ಇತ್ತು. ಬಾಯಾರಿದೆಯೇನೋ ಎಂದು ಯಜಮಾನರು ಇನ್ನೊಂದು ಬಿಂದಿಗೆ ಹೆಚ್ಚಿಗೆ ಹೊತ್ತರು. ಸಮುದ್ರದ ಗಿಡವಲ್ಲವೇ, ಉಪ್ಪು ಸಾಲದಾಗಿರಬೇಕು ಎಂದು ನನ್ನ ತಲೆಗೆ ಹೊಳೆಯಿತು. ಅಡಿಗೆಮನೆಯಿಂದ ಕಲ್ಲುಪ್ಪು ತಂದು ಒಂದು ಹಿಡಿ ಹಾಕಿದೆ. ಅದಾದ ಮೇಲೆ ಬಳ್ಳಿಯ ಬುಡ ಕಪ್ಪಗಾಗಿ ಕೈಗೆ ಲೋಳೆ ಅಂಟತೊಡಗಿತು. ಹಿತ್ತಲಿಗೆ ಹೋಗಿ ಬಳ್ಳಿ ನೋಡುವುದು, ಒಳಗೆ ಬಂದು ಅವಳ ಮುಖ ನೋಡುವುದು, ಇದೇ ಆಯಿತು. ಅಲ್ಲಿ ಎಲೆ ಬಿದ್ದರೆ ಇಲ್ಲಿ ಅವಳ ಪಾದ ಊದಿದೆಯೇ ಎಂದು ಒತ್ತಿ ನೋಡುತ್ತಿದ್ದೆ. ಮಗು ಒದೆಯಿತೇ ಎಂದು ಎಷ್ಟು ಸಲ ಕೇಳುತ್ತಿದ್ದೆನೆಂದರೆ, ಆ ಮಗು ಬೇಸತ್ತು ಸುಮ್ಮನಾಗಿದ್ದರೂ ಆಶ್ಚರ್ಯವಿರಲಿಲ್ಲ.

ಕೊನೆಗೆ ಯಜಮಾನರೇ ಹೋಗಿ ಸೊಸೆಗೆ ಹೇಳಿದರು. ಅವರು ಬಾಗಿಲ ಹತ್ತಿರ ನಿಂತು, ಮುಖ ಬೇರೆ ಕಡೆ ತಿರುಗಿಸಿ, ನಿನ್ನ ಬಳ್ಳಿಗೆ ಏನೋ ಆಗಿದೆ ಕಣಮ್ಮ ಎಂದಾಗ ನನಗೆ ಅವರ ಬಾಯಿ ಮುಚ್ಚಬೇಕೆನಿಸಿತು. ಅವಳು ಒಂದು ತುಂಡು ತರಲು ಹೇಳಿದಳು. ತಂದುಕೊಟ್ಟದ್ದನ್ನು ಮೂಸಿ, ಉಗುರಿನಿಂದ ಒತ್ತಿ ನೋಡಿ, ಏನೇನು ಹಾಕಿದಿರಿ ಎಂದು ಕೇಳಿದಳು. ನಾವು ಗೋಡು, ಗೊಬ್ಬರ, ನೀರು ಎಂದು ಹೇಳುತ್ತಾ ಹೋದೆವು. ಉಪ್ಪಿನ ಮಾತು ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಅಷ್ಟು ನಗಬೇಡ, ಹೊಟ್ಟೆ ಕುಲುಕುತ್ತದೆ ಎಂದು ನಾನು ಗದರಿದೆ.

ನಗು ನಿಂತ ಮೇಲೆ ಅವಳು ಮೆಲ್ಲಗೆ ಹೇಳಿದಳು. "ನಮ್ಮಲ್ಲಿ ಅದಕ್ಕೆ ಯಾರೂ ಎಂತದೂ ಹಾಕೂದಿಲ್ಲ ಅತ್ತೆ. ಎಷ್ಟು ಮಳೆ ಬಿದ್ರೂ ಮರಳಲ್ಲಿ ನೀರು ಒಂದು ಗಳಿಗೆ ನಿಲ್ಲೂದಿಲ್ಲ, ಇಳಿದು ಹೋಗ್ತದೆ. ಗಾಳಿ ಬಂದು ಬಳ್ಳಿ ಮೇಲೆ ಮರಳು ಮುಚ್ತದೆ. ಮುಚ್ಚಿದಲ್ಲೆಲ್ಲ ಗೆಣ್ಣಿಗೆ ಬೇರು ಬಿಡ್ತದೆ. ಅದನ್ನು ಅದರ ಪಾಡಿಗೆ ಬಿಟ್ರೇ ಬದುಕ್ತದೆ." ಆಮೇಲೆ ನನ್ನ ಕೈಯಲ್ಲಿದ್ದ ಅಂಬಲಿಯ ಲೋಟ ನೋಡಿದಳು. "ನನಗೂ ಸ್ವಲ್ಪ ನೀರು ಕಡಿಮೆ ಹಾಕಿ ಅತ್ತೆ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೈಯೆಲ್ಲ ಉರಿಯಿತು. ಲೋಟ ಅಲ್ಲೇ ಇಟ್ಟು ಅಡಿಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಇವಳಿಗಾಗಿ ಇಷ್ಟು ದಿನ ನಾನು ಸರಿಯಾಗಿ ನಿದ್ದೆ ಮಾಡಿಲ್ಲ, ಇವಳಿಗೆ ನಾನು ಹೆಚ್ಚಾಗಿಬಿಟ್ಟೆನೇ? ಅಳು ಬಂತು. ಅತ್ತೆ. ಅತ್ತ ಮೇಲೆ, ಅವಳಿಗೂ ಹೆದರಿಕೆ ಇರಬಹುದು, ನನ್ನ ಮುಖ ನೋಡಿದಾಗಲೆಲ್ಲ ಅದು ಇಮ್ಮಡಿಯಾಗುತ್ತಿರಬಹುದು ಎಂದು ಮೊದಲ ಸಲ ಅನಿಸಿತು. ಅನಿಸಿದ್ದು ನಿಜ, ಸಿಟ್ಟು ಮಾತ್ರ ಇಳಿಯಲಿಲ್ಲ.

ಮಾರನೇ ಶುಕ್ರವಾರ ಹರಕೆ ಹೊರಲು ಗೊರವನಹಳ್ಳಿಗೆ ಹೊರಟೆ. ಅವಳನ್ನು ಬಿಟ್ಟು ಒಂದಿಡೀ ಹಗಲು ಹೊರಗೆ ಹೋದದ್ದು ಅದೇ ಮೊದಲು. ಬಸ್ಸು ಮಧುಗಿರಿ ದಾಟುವಷ್ಟರಲ್ಲಿ ಎಷ್ಟೋ ಸಲ ಫೋನು ತೆಗೆದು ಮತ್ತೆ ಬ್ಯಾಗಿಗೆ ಹಾಕಿದೆ. ಮಹಾಲಕ್ಷ್ಮಿಯ ಮುಂದೆ ನಿಂತಾಗ ಏನು ಕೇಳಬೇಕೆಂದು ತಿಳಿಯಲಿಲ್ಲ, ಅದನ್ನು ಉಳಿಸು, ಅದನ್ನು ಉಳಿಸು ಎಂದಷ್ಟೇ ಬಂತು. ನನ್ನ ತವರು ಅಲ್ಲೇ ಹತ್ತಿರದ ಹಳ್ಳಿ. ತಮ್ಮನ ಮನೆಯ ಹಿಂದೆ ಹಳ್ಳ ಹರಿಯುತ್ತದೆ. ಈಗ ಮನೆ ಕಟ್ಟುವವರೆಲ್ಲ ಎಂ-ಸ್ಯಾಂಡ್ ತರಿಸುತ್ತಾರೆ. ನಮ್ಮ ಬೀದಿಯಲ್ಲೂ ಒಂದು ರಾಶಿ ಇತ್ತು, ಯಜಮಾನರು ಅದನ್ನೇ ಹಿಡಿಯಷ್ಟು ತಂದು ತೋರಿಸಿದಾಗ ಸೊಸೆ ಇದು ಕಲ್ಲಿನ ಪುಡಿ ಮಾವ, ಮರಳಲ್ಲ ಎಂದಿದ್ದಳು. ಸಿಟ್ಟಿದ್ದರೇನಂತೆ, ಆ ಮಾತು ನೆನಪಿತ್ತು. ತಮ್ಮನ ಮನೆಯಲ್ಲಿ ಊಟ ಮಾಡಿ, ಹಳ್ಳಕ್ಕಿಳಿದು, ಎರಡು ಅಕ್ಕಿಚೀಲದ ತುಂಬ ಮರಳು ತುಂಬಿಕೊಂಡು ಬಸ್ಸು ಹತ್ತಿದೆ.

ಕಂಡಕ್ಟರ್ ಚೀಲ ಒದ್ದು ನೋಡಿ, ಅಮ್ಮನವರ ಪ್ರಸಾದ ಇಷ್ಟು ಭಾರವೇ ಎಂದು ಕೇಳಿದ. ಮರಳು ಎಂದೆ. "ಯಾವ ಕಾಲ್ದಾಗೆ ಇದೀಯಮ್ಮೋ, ಜನ ಲಾರೀಲಿ ಹೊಡೀತಾವ್ರೆ, ನೀನು ಚೀಲ್ದಾಗೆ ತತ್ತಿದ್ದೀಯ" ಎಂದು ನಗಾಡಿದ. ನನಗೆ ಟಿಕೆಟ್ಟು ಬಿಟ್ಟಿ, ಮರಳಿಗೆ ಲಗೇಜ್ ಟಿಕೆಟ್ಟು ಹರಿದ. ಬಸ್ಸೆಲ್ಲ ನಕ್ಕಿತು. ನನಗೂ ನಗು ಬಂತು, ಬಹಳ ದಿನಗಳ ಮೇಲೆ.

ಯಜಮಾನರು ಪಾತಿಯ ಗೋಡನ್ನೆಲ್ಲ ಬಳಿದು ತೆಗೆದು, ಹಿತ್ತಲಿನ ಬಿಸಿಲು ಬೀಳುವ ಮೂಲೆಯಲ್ಲಿ ಮರಳು ಸುರಿದು ದಿಬ್ಬ ಮಾಡಿದರು. ಕೊಳೆತದ್ದನ್ನು ಕತ್ತರಿಸಿದ ಮೇಲೆ ಬಳ್ಳಿಯಲ್ಲಿ ಉಳಿದದ್ದು ಒಂದು ಮೊಳದಷ್ಟು, ಅದರಲ್ಲೂ ಎಲೆಯಿಲ್ಲ. ಅದನ್ನು ಅಡ್ಡ ಮಲಗಿಸಿ, ತುದಿಯೊಂದು ಕಾಣುವ ಹಾಗೆ, ಉಳಿದದ್ದನ್ನೆಲ್ಲ ಮರಳಿನಲ್ಲಿ ಹೂತುಬಿಡಿ ಎಂದು ಸೊಸೆ ಒಳಗಿನಿಂದ ಹೇಳಿದಳು.

ಯಜಮಾನರು ಬಳ್ಳಿಯನ್ನು ಮಲಗಿಸಿದರು. ಕೈಯಲ್ಲಿ ಮರಳು ತೆಗೆದುಕೊಂಡರು. ಹಾಕಲಿಲ್ಲ. ಅವರ ಕೈ ಹಾಗೆಯೇ ನಿಂತಿತು, ಬೆರಳ ಸಂದಿಯಿಂದ ಮರಳೆಲ್ಲ ಸೋರಿಹೋಯಿತು. "ನೀನೇ ಮುಚ್ಚು, ನನ್ ಕೈಲಾಗಲ್ಲ" ಎಂದು ಎದ್ದುಬಿಟ್ಟರು. ನಾನು ಕೂತೆ. ಆರನೇ ತಿಂಗಳು ಇನ್ನೂ ಕಳೆದಿರಲಿಲ್ಲ. ಆ ಸಣ್ಣ ಬೋಳು ಬಳ್ಳಿಯ ಮೇಲೆ ಒಂದು ಹಿಡಿ ಮರಳು ಹಾಕಲು ನನ್ನ ಕೈಯೂ ಬರಲಿಲ್ಲ. ಬದುವಿನ ಹೊಂಗೆ ಮರ ಕಣ್ಣ ಮುಂದೆ ಬಂತು. ನಾನೂ ಎದ್ದುಬಿಟ್ಟೆ.

ಹಿಂದೆ ಬಾಗಿಲು ಸದ್ದಾಯಿತು. ಸೊಸೆ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ನಿಲ್ಲು ಎಂದು ಕೂಗಲು ಬಾಯಿ ತೆರೆದೆ. ಯಜಮಾನರು ನನ್ನ ಮೊಣಕೈ ಹಿಡಿದರು. "ಬುಡು ಕಣೇ" ಎಂದರು. ಅವಳು ನಿಧಾನವಾಗಿ ಕೆಳಗೆ ಕೂತು, ಕಾಲು ಚಾಚಿ, ಎರಡೂ ಕೈಯಲ್ಲಿ ಮರಳು ಎಳೆದೆಳೆದು ಬಳ್ಳಿಯ ಮೇಲೆ ಮುಚ್ಚಿದಳು. ಮೇಲೆ ಅಂಗೈಯಿಂದ ಒಮ್ಮೆ ತಟ್ಟಿದಳು. ಆಮೇಲೆ ತಲೆ ಎತ್ತದೆ ಕೇಳಿದಳು, "ಅದನ್ನೂ ಹೀಗೇ ಮಲಗಿಸಿದ್ರಾ ಮಾವ?"

ಒಂದು ವರ್ಷದಲ್ಲಿ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅವಳು ಆಗ ಆಸ್ಪತ್ರೆಯಲ್ಲಿದ್ದಳು, ಅವಳಿಗೆ ಏನನ್ನೂ ತೋರಿಸಿರಲಿಲ್ಲ, ಹೇಳಿರಲೂ ಇಲ್ಲ. ಯಜಮಾನರು ಅವಳ ಪಕ್ಕ ಕೂತರು. "ಊಂ ಕಣಮ್ಮ. ಮೆತ್ತಗೇ ಮಲಗ್ಸಿದೆ. ಮುಖದ್ ಮ್ಯಾಲೆ ಮೊದ್ಲು ಹೊಂಗೆ ಸೊಪ್ಪು ಹಾಕಿದ್ದೆ" ಎಂದರು. ಅವಳು ತಲೆಯಾಡಿಸಿದಳು. ಅವಳೂ ಅತ್ತಳು, ಅವರೂ ಅತ್ತರು. ನಾನು ಅವಳಿಗೆ ನೀರು ತರಲು ಹೊರಟವಳು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು, ಅವರ ಜೊತೆ ಕೂತೆ.

ಆಮೇಲಿನ ದಿನಗಳಷ್ಟು ಕಷ್ಟದ ದಿನಗಳನ್ನು ನಾನು ಕಂಡಿಲ್ಲ. ಕಾಯುವುದು ನನಗೆ ಗೊತ್ತಿತ್ತು, ಕಾಯದೆ ಇರುವುದು ಗೊತ್ತಿರಲಿಲ್ಲ. ಅವಳು ಪಡಸಾಲೆಯಲ್ಲಿ ಓಡಾಡುವಾಗ ನಾನು ಬೆನ್ನು ತಿರುಗಿಸಿ ಅವರೆಕಾಯಿ ಬಿಡಿಸುತ್ತಿದ್ದೆ. ಬಿಡಿಸಿದ ಕಾಳು ಸಿಪ್ಪೆಗೆ, ಸಿಪ್ಪೆ ಕಾಳಿಗೆ ಬೀಳುತ್ತಿತ್ತು. ಬಚ್ಚಲ ಬಾಗಿಲ ಹೊರಗೆ ನಿಲ್ಲುವುದನ್ನು ಬಿಟ್ಟೆ, ಅಡಿಗೆಮನೆಯಿಂದಲೇ ಚಿಲಕದ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ಬೀದಿಯ ಆಡೊಂದು ಹಿತ್ತಲಿಗೆ ನುಗ್ಗಿ ಮರಳಿನ ದಿಬ್ಬದ ಮೇಲೆ ನಿಂತಿದ್ದನ್ನು ಕಂಡು ಪೊರಕೆ ಹಿಡಿದು ಓಡಿದೆ. ಅಂದು ನನ್ನ ಒಳಗೆ ಕೂಡಿಟ್ಟುಕೊಂಡದ್ದೆಲ್ಲ ಆ ಆಡಿನ ಮೇಲೆ ಹೋಯಿತು, ಪಾಪ. ಆರನೇ ತಿಂಗಳು ಕಳೆಯಿತು. ನಾವು ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಹಿತ್ತಲಿನಲ್ಲಿ ಬರಿಗಾಲಿಡಲು ಆಗದಂಥ ಬಿಸಿಲು. ಉಳಿದ ಗಿಡಗಳೆಲ್ಲ ಸೊರಗುತ್ತಿದ್ದ ಹೊತ್ತಿಗೆ ಮರಳಿನ ದಿಬ್ಬದ ಮೇಲೆ, ಹೂತ ಜಾಗದಿಂದ ಒಂದು ಗೇಣು ಆಚೆಗೆ, ಕೆಂಚಗಿನ ಒಂದು ಮೊಳಕೆ ತಲೆ ಎತ್ತಿತು. ಮಡಚಿದ ಎಲೆ ಬಿಚ್ಚಿಕೊಂಡಾಗ ಅದೇ ಆಡಿನ ಗೊರಸು. ಯಜಮಾನರು ನೋಡಿ ಬಿಂದಿಗೆಯ ಕಡೆ ತಿರುಗಿದರು. ನಾನು ಬಿಂದಿಗೆಯನ್ನು ಎತ್ತಿ ಒಳಗಿಟ್ಟುಬಿಟ್ಟೆ.

ಯುಗಾದಿಯ ಹಿಂದಿನ ವಾರ, ಹೇಳಿದ ದಿನಕ್ಕಿಂತ ಮುಂಚೆಯೇ, ಬೆಳಿಗ್ಗೆ ನೋವು ಕಾಣಿಸಿತು. ಶಿರಾದಿಂದ ತುಮಕೂರಿಗೆ ಕರೆದುಕೊಂಡು ಹೋಗಿ ಎಂದರು. ಕಾರಿನಲ್ಲಿ ಅವಳು ನನ್ನ ಕೈ ಹಿಡಿದು ಹಿಂಡಿದ ಗುರುತು ಬಹಳ ದಿನ ಇತ್ತು. ಹುಟ್ಟಿದ್ದು ಹೆಣ್ಣು. ಅತ್ತಿತು, ಆದರೆ ತೂಕ ಸಾಲದು ಎಂದು ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟರು. ತಾಯಿಗೆ ಮಾತ್ರ ಒಳಗೆ ಪ್ರವೇಶ. ಊರಿನ ಎಷ್ಟೋ ಮಕ್ಕಳನ್ನು ಎತ್ತಿ ತಕ್ಕಡಿಯ ಚೀಲದಲ್ಲಿಟ್ಟು ತೂಗಿದವಳು ನಾನು, ನನ್ನ ಮೊಮ್ಮಗಳನ್ನು ಗಾಜಿನ ಆಚೆಯಿಂದ ನೋಡುತ್ತಾ ನಿಂತೆ. ಪುಟ್ಟ ಎದೆ ಏರುವುದು ಇಳಿಯುವುದು ಕಾಣುತ್ತಿತ್ತು. ಬೆರಳಿಟ್ಟು ನೋಡುವ ಹಾಗಿರಲಿಲ್ಲ. ಮಗ ಬಂದು ಕೂರು ಎಂದರೂ ಕೂರಲಿಲ್ಲ. ಆದರೆ ಒಳಗೆ ಬಿಡಿ ಎಂದು ನಾನು ಯಾರನ್ನೂ ಕಾಡಲಿಲ್ಲ, ಇದನ್ನು ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ.

ಈಗ ಮಗು ಮನೆಯಲ್ಲಿದೆ. ಬಳ್ಳಿ ದಿಬ್ಬದ ಮೇಲೆಲ್ಲ ಹಬ್ಬಿ, ಗೋಡೆಯ ಕಡೆ ಕೈ ಚಾಚಿದೆ. ಮೊನ್ನೆ ಬೆಳಿಗ್ಗೆ ಅದರಲ್ಲಿ ಮೊದಲ ಹೂವು ಅರಳಿತ್ತು. ಗೆಣಸಿನ ಹೂವಿನ ಹಾಗೆಯೇ, ಇನ್ನೂ ಅಗಲ, ನಡುವೆ ಕಡುನೇರಳೆ. ಸೊಸೆಯನ್ನು ಕರೆಯಲು ಎದ್ದೆ. ಅಷ್ಟರಲ್ಲಿ ಒಳಗೆ ಮಗು ಅಳತೊಡಗಿತು. ದೊಡ್ಡ ಅಳು, ನಿಲ್ಲದ ಅಳು. ನನ್ನ ಕೈಕಾಲು ತಾವಾಗಿಯೇ ಬಾಗಿಲ ಕಡೆ ಹೊರಟವು. ಒಳಗಿನಿಂದ ಅವಳು ಅದನ್ನು ರಮಿಸುವ ಸದ್ದು ಕೇಳಿಸಿತು, ಅವಳ ಊರಿನ ಮಾತಿನಲ್ಲಿ, ನನಗೆ ಬಾರದ ಯಾವುದೋ ರಾಗದಲ್ಲಿ. ನಾನು ಬಾಗಿಲವರೆಗೆ ಹೋಗಿ ಹಿಂದಿರುಗಿ ಬಂದು, ದಿಬ್ಬದ ಪಕ್ಕದ ಕಲ್ಲಿನ ಮೇಲೆ ಕೂತು, ಎರಡೂ ಕೈಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.

ಬಹಳ ಹೊತ್ತು ಅತ್ತಿತು. ಆಮೇಲೆ ಸದ್ದಿಲ್ಲ. ಅಳುವುದಕ್ಕಿಂತ ಆ ಸದ್ದಿಲ್ಲದ್ದೇ ನನಗೆ ಹೆಚ್ಚು ಹೆದರಿಕೆ. ಮಲಗಿತೋ, ಉಸಿರು ಸರಿಯಾಗಿದೆಯೋ, ಮಗ್ಗುಲು ಸರಿಯಾಗಿ ಹಾಕಿದಳೋ. ಬಿಸಿಲು ಏರುತ್ತಾ ಹೋಯಿತು, ಹೂವಿನ ಅಂಚು ಒಳಕ್ಕೆ ಮಡಚಿಕೊಳ್ಳತೊಡಗಿತು. ನಾನು ಎದ್ದು ಹೋಗಿ ನೋಡಲಿಲ್ಲ.